ಅಲುಗದ ಮುಳ್ಳು ಹೇಳಿದ ಪಾಠ

ನಮ್ಮ ಬಡಾವಣೆಯ ಪ್ರಾಥಮಿಕ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಬರಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಕರೆದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ಇಂಥ ಆಹ್ವಾನಗಳು ಹಿತವೆನಿಸುವುದು ಸಹಜ. ಆ ಸಲದ ವಿಷಯ ಜಗತ್ತಿನ ಪ್ರಸಿದ್ಧ ಸಂಶೋಧಕರು. ಮೂರರಿಂದ ಐದನೆಯ ತರಗತಿಯವರೆಗಿನ ಮಕ್ಕಳು ತಲಾ ಒಬ್ಬ ಸಂಶೋಧಕನನ್ನು ಆರಿಸಿಕೊಂಡು, ಆತನ ಕೆಲಸಕ್ಕೆ ಸಂಬಂಧಿಸಿದ ಮಾದರಿಯೊಂದನ್ನು ಮಾಡಿ ತಂದು, ಪಕ್ಕದಲ್ಲಿ ಆತನ ಬದುಕಿನ ವಿವರಗಳ ಹಾಳೆಯನ್ನು ತೂಗುಹಾಕಬೇಕಿತ್ತು.

ಸಭಾಂಗಣದಲ್ಲಿ ನಾಲ್ವರು ಎಡಿಸನ್‌ಗಳಿದ್ದರು, ಮೂವರು ಗ್ರಹಾಂ ಬೆಲ್‌ಗಳಿದ್ದರು, ರೈಟ್ ಸಹೋದರರ ವಿಮಾನಗಳು ಎರಡಿದ್ದವು. ಅಚ್ಚುಕಟ್ಟಾಗಿ ಕತ್ತರಿಸಿದ ಫೋಮ್ ಹಾಳೆಯ ಮಾದರಿಗಳು, ಗುಂಡಿ ಒತ್ತಿದೊಡನೆ ತಿರುಗುವ ಗಾಳಿಯಂತ್ರ, ಕಂಪ್ಯೂಟರಿನಲ್ಲಿ ಮುದ್ರಿಸಿದ ಬಣ್ಣದ ಹಾಳೆಗಳು. ನಾನು ಎದುರಿಗೆ ಬಂದೊಡನೆ ಮಕ್ಕಳು ಜನನ, ಮರಣ, ಸಂಶೋಧನೆ, ಪ್ರಶಸ್ತಿ ಎಂಬ ಕ್ರಮದಲ್ಲಿ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಗಾಳಿಯಂತ್ರದ ರೆಕ್ಕೆಯೇಕೆ ತಿರುಗುತ್ತದೆಂದು ಕೇಳಿದರೆ ಹಿಂದೆ ನಿಂತ ಅಪ್ಪ ಅಮ್ಮಂದಿರ ಮುಖ ನೋಡುತ್ತಿದ್ದರು. ಆ ಅಪ್ಪ ಅಮ್ಮಂದಿರ ಕಣ್ಣುಗಳಲ್ಲಿ ರಾತ್ರಿಯಿಡೀ ಕತ್ತರಿ, ಗೋಂದು ಹಿಡಿದು ಕುಳಿತವರ ದಣಿವಿತ್ತು.

ಮೂಲೆಯ ಮೇಜಿನಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಮೈಕೆಲ್ ಫ್ಯಾರಡೆಯನ್ನು ಆರಿಸಿಕೊಂಡಿದ್ದಳು. ರಟ್ಟಿನ ಕೊಳವೆಯೊಂದಕ್ಕೆ ಸುತ್ತಿದ ತಾಮ್ರದ ತಂತಿ, ಆ ತಂತಿಯ ತುದಿಗಳಿಗೆ ಜೋಡಿಸಿದ ಇನ್ನೊಂದು ಸುರುಳಿ, ಅದರ ನಡುವೆ ಪುಟ್ಟ ದಿಕ್ಸೂಚಿ, ಕೈಯಲ್ಲೊಂದು ಅಯಸ್ಕಾಂತ. ಅವಳು ಅಯಸ್ಕಾಂತವನ್ನು ಕೊಳವೆಯೊಳಗೆ ತೂರಿಸಿದಳು, ಹೊರಗೆಳೆದಳು. ದಿಕ್ಸೂಚಿಯ ಮುಳ್ಳು ಅಲುಗಲಿಲ್ಲ. ಮನೆಯಲ್ಲಿಯೂ ಅಲುಗಿರಲಿಲ್ಲವೆಂದೂ ಇಲ್ಲಿಯಾದರೂ ಅಲುಗಬಹುದೆಂದು ತಂದೆನೆಂದೂ ಯಾವ ಮುಜುಗರವಿಲ್ಲದೆ ಹೇಳಿದಳು. ಅವಳ ಹಾಳೆಯಲ್ಲಿ ಮುದ್ರಿತ ಅಕ್ಷರಗಳಿರಲಿಲ್ಲ. ಇಪ್ಪತ್ತು ಸುತ್ತು, ಐವತ್ತು ಸುತ್ತು, ನೂರು ಸುತ್ತು ಎಂದು ಓರೆಕೋರೆಯಾದ ಕೈಬರಹದಲ್ಲಿ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆಯೂ ಮುಳ್ಳು ಅಲುಗಲಿಲ್ಲವೆಂದು ನಮೂದಿಸಿದ್ದಳು. ನನ್ನ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಮಾದರಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಹತ್ತು ಅಂಕಗಳಿದ್ದವು. ನಾನು ಅಲ್ಲಿ ಸೊನ್ನೆ ಬರೆದು ಮುಂದೆ ಹೋದೆ. ಮೊದಲ ಬಹುಮಾನ ಗಾಳಿಯಂತ್ರಕ್ಕೆ ಹೋಯಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಕಪಾಟಿನಲ್ಲಿದ್ದ ಫ್ಯಾರಡೆಯ ಜೀವನಚರಿತ್ರೆಯನ್ನು ಬಹಳ ವರ್ಷಗಳ ಮೇಲೆ ತೆರೆದೆ. ಓದುತ್ತ ಹೋದಂತೆ ಆ ಸೊನ್ನೆ ಕೇವಲ ಒಂದು ಮಗುವಿಗೆ ಮಾಡಿದ ಅನ್ಯಾಯವಾಗಿ ಉಳಿಯಲಿಲ್ಲ. ಸಂಶೋಧಕರನ್ನು ಮಕ್ಕಳಿಗೆ ಪರಿಚಯಿಸುವ ನಮ್ಮ ಕ್ರಮವೇ ಎಲ್ಲೋ ದಾರಿ ತಪ್ಪಿದೆಯೆಂದು ಅನ್ನಿಸತೊಡಗಿತು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂದು ಲಂಡನ್ ನಗರದೊಳಗೆ ಸೇರಿಹೋಗಿರುವ ನ್ಯೂಯಿಂಗ್ಟನ್ ಎಂಬಲ್ಲಿ. ತಂದೆ ಕಮ್ಮಾರ, ಆರೋಗ್ಯ ಕೆಟ್ಟು ಕುಲುಮೆಯ ಮುಂದೆ ಬಹಳ ಹೊತ್ತು ನಿಲ್ಲಲಾರದವನು. ನಾಲ್ಕು ಮಕ್ಕಳ ಸಂಸಾರ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕ ಮೈಕೆಲ್‌ನ ಪಾಲಿಗೆ ಬರುತ್ತಿದ್ದುದು ವಾರಕ್ಕೊಂದು ಬ್ರೆಡ್ಡು. ಓದು, ಬರಹ, ಕೂಡಿ ಕಳೆಯುವ ಲೆಕ್ಕಕ್ಕೆ ಶಾಲೆ ಮುಗಿಯಿತು. ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬಾತನ ಪುಸ್ತಕದಂಗಡಿಗೆ ಸೇರಿ ಮನೆಮನೆಗೆ ಪತ್ರಿಕೆ ಹಂಚಿದ. ಮರುವರ್ಷದಿಂದ ಏಳು ವರ್ಷ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿತ.

ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಆತ ಬಿಡುವಿನಲ್ಲಿ ಓದುತ್ತಿದ್ದ. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ ಕುರಿತ ಲೇಖನವೂ, ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಆತನ ಮನಸ್ಸನ್ನು ಹಿಡಿದವು. ಆತ ಓದಿ ಸುಮ್ಮನಾಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಪುಸ್ತಕ ಹೇಳಿದ್ದು ನಿಜವೇ ಎಂದು ತನ್ನ ಕೈಗೆಟಕುವ ಕಾಸಿನಲ್ಲಿ ಪುಟ್ಟ ಪ್ರಯೋಗಗಳನ್ನು ಮಾಡಿ ನೋಡಿದ, ಘರ್ಷಣೆಯಿಂದ ವಿದ್ಯುತ್ತು ಹುಟ್ಟಿಸುವ ಯಂತ್ರವೊಂದನ್ನು ತಾನೇ ಕಟ್ಟಿದ. ಮುದ್ರಿತ ಮಾತನ್ನು ಕೈಯಾರೆ ಪರೀಕ್ಷಿಸಿದ ಹೊರತು ನಂಬದಿರುವ ಈ ಅಭ್ಯಾಸ ಬದುಕಿನ ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಟೇಟಂ ಎಂಬ ಅಧ್ಯಾಪಕ ತನ್ನ ಮನೆಯಲ್ಲಿ ನಡೆಸುತ್ತಿದ್ದ ವಿಜ್ಞಾನೋಪನ್ಯಾಸಗಳಿಗೆ ಒಂದೊಂದಕ್ಕೂ ಒಂದು ಶಿಲ್ಲಿಂಗ್ ಪ್ರವೇಶಧನ. ಆ ಹಣ ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಫ್ಯಾರಡೆಗೆ ದೊರೆಯಿತು. ಡೇವಿ ಆಗ ಯುರೋಪಿನಲ್ಲೆಲ್ಲ ಹೆಸರಾದ ರಸಾಯನವಿಜ್ಞಾನಿ. ಫ್ಯಾರಡೆ ಆ ಉಪನ್ಯಾಸಗಳ ಟಿಪ್ಪಣಿಯನ್ನು ಚಿತ್ರಗಳೊಂದಿಗೆ ಶುದ್ಧಪ್ರತಿ ಮಾಡಿ, ತನಗೆ ಗೊತ್ತಿದ್ದ ಕಸುಬಿನಿಂದಲೇ ಚೆಂದವಾಗಿ ರಟ್ಟು ಕಟ್ಟಿ, ಕೆಲಸ ಕೋರಿ ಡೇವಿಗೆ ಕಳುಹಿಸಿದ. 1813ರ ಮಾರ್ಚ್‌ನಲ್ಲಿ ಪ್ರಯೋಗಾಲಯದ ಸಹಾಯಕನ ಹುದ್ದೆ ತೆರವಾದಾಗ ಅದು ಆತನಿಗೆ ಸಿಕ್ಕಿತು. ಸೀಸೆ ತೊಳೆಯುವುದು, ಉಪನ್ಯಾಸಗಳಿಗೆ ಸಲಕರಣೆ ಜೋಡಿಸುವುದು ಕೆಲಸ. ಮಾಳಿಗೆಯ ಮೇಲೆ ವಾಸ.

ಅದೇ ವರ್ಷದ ಅಕ್ಟೋಬರಿನಲ್ಲಿ ಡೇವಿ ದಂಪತಿಗಳು ಯುರೋಪ್ ಪ್ರವಾಸ ಹೊರಟಾಗ ಫ್ಯಾರಡೆ ಜೊತೆಗೆ ಹೋದ. ವೈಜ್ಞಾನಿಕ ಸಹಾಯಕನಾಗಿ ಹೊರಟವನು ಡೇವಿಯ ಪರಿಚಾರಕನ ಕೆಲಸವನ್ನೂ ಮಾಡಬೇಕಾಯಿತು. ಶ್ರೀಮತಿ ಡೇವಿ ಆತನನ್ನು ಆಳಿನಂತೆ ನಡೆಸಿಕೊಂಡಳು. ಅಭಿಮಾನಭಂಗದಿಂದ ಎಲ್ಲವನ್ನೂ ಬಿಟ್ಟು ಊರಿಗೆ ಮರಳಬೇಕೆಂದು ಅನ್ನಿಸಿದ ದಿನಗಳಿದ್ದವು. ಆದರೆ ಅದೇ ಪ್ರವಾಸದಲ್ಲಿ ಆಂಪೇರ್ ಮತ್ತು ವೋಲ್ಟಾರಂಥವರನ್ನು ಕಂಡ. ಡೇವಿ ಹೇಗೆ ಯೋಚಿಸುತ್ತಾನೆಂಬುದನ್ನು ದಿನವೂ ಹತ್ತಿರದಿಂದ ನೋಡಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನಿಗೆ ಆ ಹದಿನೆಂಟು ತಿಂಗಳೇ ವಿಶ್ವವಿದ್ಯಾಲಯವಾಯಿತು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದ. ಮರುವರ್ಷ ಫ್ಯಾರಡೆ ಅದನ್ನು ಮುಂದುವರಿಸಿ, ಪಾದರಸದ ಬಟ್ಟಲಿನಲ್ಲಿ ನೆಟ್ಟ ಅಯಸ್ಕಾಂತದ ಸುತ್ತ ತಂತಿಯೊಂದು ಎಡೆಬಿಡದೆ ಸುತ್ತುವಂತೆ ಮಾಡಿದ. ಇಂದಿನ ಎಲ್ಲ ವಿದ್ಯುತ್ ಮೋಟಾರುಗಳ ಮೂಲಪುರುಷ ಅದು. ಆ ವರ್ಷವೇ ಸಾರಾ ಬರ್ನಾರ್ಡ್‌ಳೊಂದಿಗೆ ಆತನ ಮದುವೆಯೂ ಆಗಿತ್ತು. ಸಂತೋಷ ಬಹಳ ಕಾಲ ಉಳಿಯಲಿಲ್ಲ. ಇಂಥದೇ ಪ್ರಯತ್ನದಲ್ಲಿದ್ದ ವೊಲಾಸ್ಟನ್ ಮತ್ತು ಡೇವಿಯ ಹೆಸರನ್ನು ಲೇಖನದಲ್ಲಿ ಹೇಳದೆ ಅವಸರದಿಂದ ಪ್ರಕಟಿಸಿದನೆಂದು ಕೃತಿಚೌರ್ಯದ ಅಪವಾದ ಬಂದಿತು. ವೊಲಾಸ್ಟನ್ ಯತ್ನಿಸಿದ್ದೇ ಬೇರೆ, ಫ್ಯಾರಡೆ ಸಾಧಿಸಿದ್ದೇ ಬೇರೆ. ಆದರೂ ಹೆಸರು ಹೇಳದಿದ್ದುದು ತಪ್ಪೇ. ರಾಯಲ್ ಸೊಸೈಟಿಗೆ ಆತನ ಹೆಸರು ಸೂಚಿತವಾದಾಗ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದ. 1824ರ ಜನವರಿಯ ಮತದಾನದಲ್ಲಿ ಒಂದೇ ಒಂದು ವಿರುದ್ಧ ಮತದೊಂದಿಗೆ ಫ್ಯಾರಡೆ ಆಯ್ಕೆಯಾದ. ತನ್ನನ್ನು ಕೈಹಿಡಿದು ಮೇಲೆತ್ತಿದ ಗುರುವಿನ ಬಗ್ಗೆ ಆ ಬಳಿಕವೂ ಆತ ಗೌರವ ಕಳೆದುಕೊಳ್ಳಲಿಲ್ಲ.

ಇನ್ನು ಆ ಹುಡುಗಿಯ ಮುಳ್ಳಿನ ವಿಷಯಕ್ಕೆ ಬರುತ್ತೇನೆ. ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ ಕಾಂತತ್ವದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆ ಫ್ಯಾರಡೆಯನ್ನು ವರ್ಷಗಟ್ಟಲೆ ಕಾಡಿತು. 1825ರಲ್ಲಿ ಪ್ರಯತ್ನಿಸಿದ, ಫಲವಿಲ್ಲ. 1828ರಲ್ಲಿ ಮತ್ತೆ ಪ್ರಯತ್ನಿಸಿದ, ಫಲವಿಲ್ಲ. ಫಲ ಕಾಣಲಿಲ್ಲವೆಂಬುದನ್ನು ತನ್ನ ದಿನಚರಿಯಲ್ಲಿ ನಿಷ್ಠೆಯಿಂದ ದಾಖಲಿಸಿ ಬೇರೆ ಕೆಲಸಕ್ಕೆ ಹೋದ. 1831ರ ಆಗಸ್ಟ್ 29ರಂದು ಆರು ಅಂಗುಲ ಅಗಲದ ಮೆದುಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ಪ್ರತ್ಯೇಕವಾಗಿ ತಾಮ್ರದ ತಂತಿ ಸುತ್ತಿದ. ಇಂದಿನಂತೆ ಲೇಪನವಿರುವ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ; ಸುತ್ತು ಸುತ್ತಿಗೆ ತಾಗದಂತೆ ನಡುವೆ ಹುರಿಯನ್ನೂ ಹತ್ತಿಬಟ್ಟೆಯನ್ನೂ ಇಟ್ಟು ಕಟ್ಟುವುದು ತಾಳ್ಮೆಯ ಕೆಲಸ. ಒಂದು ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದಾಗ ಎರಡನೆಯ ಸುರುಳಿಯ ಬಳಿಯಿದ್ದ ಮುಳ್ಳು ಒಮ್ಮೆ ಅದುರಿ ಸ್ವಸ್ಥಾನಕ್ಕೆ ಬಂತು. ವಿದ್ಯುತ್ತು ಹರಿಯುತ್ತಿದ್ದಷ್ಟು ಹೊತ್ತೂ ನಿಶ್ಚಲವಾಗಿಯೇ ನಿಂತಿತು. ಜೋಡಣೆ ಬಿಡಿಸಿದಾಗ ಮತ್ತೊಮ್ಮೆ ಅದುರಿತು.

ಆತನೂ ಇತರರೂ ಅದುವರೆಗೆ ಹುಡುಕುತ್ತಿದ್ದುದು ನಿರಂತರವಾದ ಪರಿಣಾಮವನ್ನು. ಪ್ರಕೃತಿ ಉತ್ತರ ಕೊಡುತ್ತಿದ್ದುದು ಬದಲಾವಣೆಯ ಕ್ಷಣದಲ್ಲಿ ಮಾತ್ರ. ಮುಳ್ಳು ನಿಶ್ಚಲವಾಗಿ ನಿಂತದ್ದು ಸೋಲಲ್ಲ, ಅದೇ ಅರ್ಧ ಉತ್ತರ. ಅಕ್ಟೋಬರ್ 17ರಂದು ಆತ ಇನ್ನೂ ಸರಳವಾದ ಪ್ರಯೋಗ ಮಾಡಿದ. ಕಾಗದದ ಕೊಳವೆಗೆ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿ, ಅದರೊಳಗೆ ದಂಡಕಾಂತವನ್ನು ತೂರಿಸಿದ. ಒಳಹೋಗುವಾಗ ಮುಳ್ಳು ಒಂದು ಕಡೆಗೆ, ಹೊರಬರುವಾಗ ಇನ್ನೊಂದು ಕಡೆಗೆ ಅಲುಗಿತು. ನಮ್ಮ ಬಡಾವಣೆಯ ಹುಡುಗಿ ರಟ್ಟಿನ ಕೊಳವೆಯಲ್ಲಿ ಮಾಡಲು ಹೊರಟಿದ್ದುದು ಇದನ್ನೇ. ಹನ್ನೊಂದು ದಿನಗಳ ಬಳಿಕ ದೊಡ್ಡ ಕಾಂತವೊಂದರ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ಎಡೆಬಿಡದ ವಿದ್ಯುತ್ತನ್ನೂ ಪಡೆದ. ಜಗತ್ತಿನ ಮೊದಲ ಜನರೇಟರು ಹೀಗೆ ಹುಟ್ಟಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಿದಾಗ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದಾಗ, ಅದರ ಹಿಂದೆ ಇದ್ದುದು ಇದೇ ತತ್ತ್ವ.

ಈ ಶೋಧದಿಂದ ಹಣ ಮಾಡುವ ಕೆಲಸವನ್ನು ಫ್ಯಾರಡೆ ಇತರರಿಗೆ ಬಿಟ್ಟ. ವಿದ್ಯುದ್ವಿಭಜನೆಯ ನಿಯಮಗಳನ್ನು ಕಂಡುಹಿಡಿದ. ಬೆಳಕಿನ ಮೇಲೆ ಕಾಂತತ್ವದ ಪ್ರಭಾವವನ್ನು 1845ರಲ್ಲಿ ತೋರಿಸಿದ. ಉನ್ನತ ಗಣಿತ ಆತನಿಗೆ ಬರುತ್ತಿರಲಿಲ್ಲ. ಕಾಗದದ ಮೇಲೆ ಕಬ್ಬಿಣದ ಪುಡಿ ಚೆಲ್ಲಿ, ಕಾಂತದ ಸುತ್ತ ಅವು ಮೂಡಿಸುವ ಗೆರೆಗಳನ್ನು ಕಣ್ಣಾರೆ ನೋಡಿ ಆತ ರೂಪಿಸಿಕೊಂಡ ಬಲರೇಖೆಗಳ ಕಲ್ಪನೆಗೆ ಮುಂದೆ ಮ್ಯಾಕ್ಸ್‌ವೆಲ್ ಗಣಿತದ ಭಾಷೆ ಕೊಟ್ಟ. ಎಂಟು ವರ್ಷದ ಮಗುವೂ ಮಾಡಬಹುದಾದ ಪ್ರಯೋಗವೊಂದು ಆಧುನಿಕ ಭೌತವಿಜ್ಞಾನದ ಅಡಿಗಲ್ಲುಗಳಲ್ಲಿ ಒಂದಾಯಿತೆಂದರೆ ತಪ್ಪಾಗಲಾರದು.

ಮಕ್ಕಳೊಂದಿಗಿನ ಆತನ ನಂಟು ಇನ್ನೂ ಹೃದ್ಯವಾದದ್ದು. ಫ್ಯಾರಡೆ ದಂಪತಿಗಳಿಗೆ ಮಕ್ಕಳಿರಲಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಆರಂಭವಾದ ಕ್ರಿಸ್‌ಮಸ್ ರಜೆಯ ಉಪನ್ಯಾಸಗಳನ್ನು 1827ರಿಂದ 1860ರವರೆಗೆ ಹತ್ತೊಂಬತ್ತು ಬಾರಿ ಆತ ನಡೆಸಿಕೊಟ್ಟ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಸರಣಿಯ ವಸ್ತು ಒಂದು ಸಾಮಾನ್ಯ ಮೇಣದ ಬತ್ತಿ. ಉರಿಯುವುದು ಮೇಣವೋ ಬತ್ತಿಯೋ, ಆರಿಸಿದ ಬತ್ತಿಯಿಂದೇಳುವ ಹೊಗೆಗೆ ಕಿಡಿ ತೋರಿಸಿದರೆ ಜ್ವಾಲೆ ಹೊಗೆಯ ಗುಂಟ ಇಳಿದು ಬತ್ತಿಗೆ ಹಾರುವುದೇಕೆ, ಉರಿಯುವ ಬತ್ತಿಯ ಮೇಲೆ ತಣ್ಣನೆಯ ಪಾತ್ರೆ ಹಿಡಿದರೆ ನೀರು ಕಟ್ಟುವುದೇಕೆ, ಉಸಿರಾಟಕ್ಕೂ ಈ ಉರಿಗೂ ಏನು ಸಂಬಂಧ ಎಂದು ಕೇಳುತ್ತ, ತೋರಿಸುತ್ತ, ಆತ ಮಕ್ಕಳನ್ನು ರಸಾಯನಶಾಸ್ತ್ರದ ಒಳಮನೆಗೆ ಕರೆದೊಯ್ದ. ಅಲ್ಲಿ ಯಾವ ಸಂಶೋಧಕನ ಜನ್ಮದಿನಾಂಕವನ್ನೂ ಯಾರೂ ಬಾಯಿಪಾಠ ಮಾಡಬೇಕಿರಲಿಲ್ಲ.

1853ರಲ್ಲಿ ಲಂಡನ್ನಿನ ಸುಶಿಕ್ಷಿತರೆಲ್ಲ ಮೇಜಿನ ಸುತ್ತ ಕುಳಿತು, ಕೈಯಿಟ್ಟು, ಮೇಜು ತಾನಾಗಿ ತಿರುಗುವುದು ಪ್ರೇತಗಳ ಮಹಿಮೆಯೆಂದು ನಂಬತೊಡಗಿದ್ದರು. ಫ್ಯಾರಡೆ ಯಾರನ್ನೂ ಹೀಯಾಳಿಸಲಿಲ್ಲ. ಮೆದುವಾದ ಅಂಟಿನಿಂದ ಒಂದರ ಮೇಲೊಂದು ಕೂಡಿಸಿದ ರಟ್ಟಿನ ತುಂಡುಗಳನ್ನು ಕೈಗಳ ಕೆಳಗಿಟ್ಟು ನೋಡಿದ. ಮೇಲಿನ ತುಂಡುಗಳು ಮೊದಲು ಸರಿದಿದ್ದವು. ಅಂದರೆ ಕುಳಿತವರ ಕೈಗಳೇ ಅವರಿಗರಿವಿಲ್ಲದೆ ಮೇಜನ್ನು ತಳ್ಳುತ್ತಿದ್ದವು. 1855ರಲ್ಲಿ ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಹೋಗುವಾಗ ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ, ಅವು ಮುಳುಗಿದೊಡನೆ ಕಣ್ಮರೆಯಾಗುವಷ್ಟು ನದಿ ಕೊಳೆತಿದೆಯೆಂದು ಟೈಮ್ಸ್ ಪತ್ರಿಕೆಗೆ ಪತ್ರ ಬರೆದ. ಎರಡರಲ್ಲಿಯೂ ಬಳಸಿದ ಸಲಕರಣೆ ರಟ್ಟು ಮತ್ತು ಕಾಗದ ಮಾತ್ರ.

ಸೋಲುಗಳೂ ಕೊನೆಯವರೆಗೆ ಜೊತೆಗಿದ್ದವು. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧವಿರಬೇಕೆಂದು 1849ರಲ್ಲಿ ಸುರುಳಿಗಳನ್ನು ಎತ್ತರದಿಂದ ಬೀಳಿಸಿ ನೋಡಿದ, ಏನೂ ಕಾಣಲಿಲ್ಲ. ಕಾಣಲಿಲ್ಲವೆಂಬುದನ್ನೇ ಪ್ರಬಂಧವಾಗಿ ಪ್ರಕಟಿಸಿದ. 1862ರಲ್ಲಿ, ನೆನಪು ಕೈಕೊಡುತ್ತಿದ್ದ ದಿನಗಳಲ್ಲಿ, ಜ್ವಾಲೆಯ ರೋಹಿತದ ಗೆರೆಗಳನ್ನು ಕಾಂತ ಬದಲಿಸುತ್ತದೆಯೇ ಎಂದು ಪರೀಕ್ಷಿಸಿದ. ಬದಲಾವಣೆ ಕಾಣಲಿಲ್ಲವೆಂದು ಬರೆದಿಟ್ಟ. 1896ರಲ್ಲಿ ಹಾಲೆಂಡಿನ ಝೀಮನ್ ಹೆಚ್ಚು ಸೂಕ್ಷ್ಮ ಸಲಕರಣೆಗಳಿಂದ ಅದೇ ಪ್ರಯೋಗ ಮಾಡಿ ಫಲ ಕಂಡ. 1902ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ. ಫ್ಯಾರಡೆಯ ದಿನಚರಿಯಲ್ಲಿ ಕ್ರಮಸಂಖ್ಯೆ ಹಾಕಿದ ಹದಿನಾರು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿವೆ. ಗೆಲುವಿಗೂ ಸೋಲಿಗೂ ಅಲ್ಲಿ ಒಂದೇ ಕೈಬರಹ, ಒಂದೇ ಮರ್ಯಾದೆ. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನು ನಿರಾಕರಿಸಿದ ಆತ 1867ರ ಆಗಸ್ಟ್ 25ರಂದು ತೀರಿಕೊಂಡ. ಲಂಡನ್ನಿನ ಹೈಗೇಟ್ ರುದ್ರಭೂಮಿಯಲ್ಲಿ ಸಾಧಾರಣ ಕಲ್ಲೊಂದರ ಕೆಳಗೆ ಆತನ ಸಮಾಧಿಯಿದೆ.

ಇಂಥವನ ಬದುಕನ್ನು ನಾವು ಮಕ್ಕಳಿಂದ ನಾಲ್ಕು ಸಾಲಿನಲ್ಲಿ ಒಪ್ಪಿಸುತ್ತೇವೆ. ಹುಟ್ಟಿದ ಇಸವಿ, ಸತ್ತ ಇಸವಿ, ಡೈನಮೋ. ನಡುವಣ ನಲವತ್ತು ವರ್ಷಗಳ ತಡಕಾಟ ಮಾಯವಾಗಿ, ಸಂಶೋಧಕನೆಂದರೆ ಒಮ್ಮೆಗೇ ಗೆದ್ದವನು ಎಂಬ ಭ್ರಮೆ ಉಳಿಯುತ್ತದೆ. ಹೆತ್ತವರನ್ನು ದೂರಿ ಫಲವಿಲ್ಲ. ಕೆಲಸ ಮಾಡದ ಮಾದರಿಗೆ ಸೊನ್ನೆ ಸಿಗುತ್ತದೆಂದು ತಿಳಿದ ಮೇಲೆ ಯಾವ ತಾಯಿ ತಾನೇ ತನ್ನ ಮಗು ತಲೆತಗ್ಗಿಸಿ ನಿಲ್ಲಲೆಂದು ಬಯಸುತ್ತಾಳೆ? ಅಂಗಡಿಯ ಗಾಳಿಯಂತ್ರವನ್ನು ಮನೆಗೆ ತರಿಸುವುದು ನನ್ನಂಥ ತೀರ್ಪುಗಾರರ ಅಂಕಪಟ್ಟಿಯೇ.

ಆ ಪಟ್ಟಿಯನ್ನು ಬದಲಿಸುವುದು ಕಷ್ಟವಲ್ಲ. ಮಗು ಸಂಶೋಧಕನ ಯಂತ್ರದ ಪ್ರತಿಕೃತಿಯನ್ನು ತರುವ ಬದಲು ಆತ ಕೇಳಿದ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಅದರ ಬೆನ್ನುಹತ್ತಲಿ. ಮಾಡಿದ್ದೇನು, ಕಂಡದ್ದೇನು, ಕಾಣದ್ದೇನು ಎಂಬುದನ್ನು ತನ್ನ ಕೈಬರಹದಲ್ಲಿಯೇ ಬರೆದಿಡಲಿ. ತೀರ್ಪುಗಾರರು ಮಾದರಿಗಿಂತ ಮೊದಲು ಆ ಬರಹವನ್ನು ಓದಲಿ. ಕೆಲಸ ಮಾಡುತ್ತದೆಯೇ ಎಂಬ ಅಂಕಣದ ಜಾಗದಲ್ಲಿ, ಕೆಲಸ ಮಾಡದಿದ್ದಾಗ ಮಗು ಏನು ಮಾಡಿತೆಂಬ ಅಂಕಣವಿರಲಿ. ಪಾದರಸದಂಥ ವಿಷವಸ್ತುಗಳಿಂದ ಮಕ್ಕಳನ್ನು ದೂರವಿಟ್ಟು, ಬತ್ತಿ ಹಚ್ಚುವಾಗ ಹಿರಿಯರು ಪಕ್ಕದಲ್ಲಿದ್ದರೆ ಸಾಕು. ಫ್ಯಾರಡೆಯ ಹಲವು ಪ್ರಯೋಗಗಳಿಗೆ ತಂತಿ, ಕಾಂತ, ದಿಕ್ಸೂಚಿ, ಮೇಣದ ಬತ್ತಿಗಿಂತ ಹೆಚ್ಚಿನದೇನೂ ಬೇಕಿಲ್ಲ.

ಮರುವಾರ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ನಾಲ್ಕನೆಯ ತರಗತಿಗೆ ಹೋದೆ. ಜೇಬಿನಲ್ಲಿ ಒಂದು ತುಂಡು ಉಪ್ಪುಕಾಗದವಿತ್ತು. ಮೋಟಾರು ರಿವೈಂಡಿಂಗ್ ಅಂಗಡಿಯಿಂದ ಹುಡುಗಿ ತಂದಿದ್ದ ತಂತಿಗೆ ಕಣ್ಣಿಗೆ ಸುಲಭವಾಗಿ ಕಾಣದ ಎನಾಮಲ್ ಲೇಪನವಿರುತ್ತದೆ. ಫ್ಯಾರಡೆ ಹುರಿ, ಬಟ್ಟೆಯಿಂದ ಸಾಧಿಸಿದ್ದನ್ನು ಇಂದು ಆ ಲೇಪನ ಸಾಧಿಸುತ್ತದೆ. ಆದರೆ ತುದಿಗಳಲ್ಲಿ ಅದನ್ನು ಉಜ್ಜಿ ತೆಗೆಯದಿದ್ದರೆ ಎರಡು ತಂತಿಗಳನ್ನು ಎಷ್ಟು ಹೊಸೆದರೂ ವಿದ್ಯುತ್ತು ದಾಟುವುದಿಲ್ಲ. ಪ್ರದರ್ಶನದ ದಿನವೇ ಇದನ್ನು ಗಮನಿಸಿ ಹೇಳಬೇಕಾಗಿದ್ದ ಭೌತಶಾಸ್ತ್ರದ ಮೇಷ್ಟರು ಸೊನ್ನೆ ಬರೆದು ಮುಂದೆ ಹೋಗಿದ್ದರು. ಅದಕ್ಕಾಗಿ ತರಗತಿಯ ಎದುರಿನಲ್ಲಿಯೇ ಅವಳ ಕ್ಷಮೆ ಕೇಳಿದೆ.

ಅವಳೇ ತುದಿಗಳನ್ನು ಉಜ್ಜಿದಳು, ತಾಮ್ರ ಹೊಳೆಯುವವರೆಗೆ. ಅಯಸ್ಕಾಂತ ನೇರವಾಗಿ ಮುಳ್ಳನ್ನು ಎಳೆಯದಿರಲೆಂದು ದಿಕ್ಸೂಚಿಯನ್ನು ಮೇಜಿನ ಆ ತುದಿಗೆ ಸರಿಸಿದೆವು. ಅಯಸ್ಕಾಂತ ಕೊಳವೆಯೊಳಗೆ ಹೋಯಿತು. ಮುಳ್ಳು ಸಣ್ಣಗೆ ಅದುರಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹುಡುಗಿ ತಟ್ಟಲಿಲ್ಲ. ಗೋಡೆಗೆ ತೂಗುಹಾಕಿದ್ದ ತನ್ನ ಹಾಳೆಯ ಬಳಿಗೆ ಹೋಗಿ, ಪೆನ್ಸಿಲ್ಲು ಹುಡುಕಿ, ನೂರು ಸುತ್ತು, ಅಲುಗಲಿಲ್ಲ ಎಂಬ ಸಾಲನ್ನು ಅಳಿಸದೆ ಅದರ ಕೆಳಗೆ ಹೊಸ ಸಾಲೊಂದನ್ನು ಬರೆದಳು.